ಆ ಚಮಚದ ದೃಶ್ಯ ಬರುವವರೆಗೆ ಎದ್ದು ಹೋಗಬೇಡಿ

ಪರಿಚಯದವರ ಮನೆಯಲ್ಲಿ ಯಾರಿಗಾದರೂ ಎಂಬಿಬಿಎಸ್ ಸೀಟು ಸಿಕ್ಕಿತೆಂದರೆ ಸಿನಿಮಾ ಹುಚ್ಚಿನ ನನಗೊಂದು ಫೋನು ಬರುತ್ತದೆ: “ಡಾಕ್ಟರಾಗುವವರು ನೋಡಲೇಬೇಕಾದ ಒಂದು ಸಿನಿಮಾ ಹೇಳಿ.” ಜಪಾನಿನ ನಿರ್ದೇಶಕ ಅಕಿರಾ ಕುರೊಸಾವಾ ಅವರ ‘ಅಕಾಹಿಗೆ’ ಎನ್ನುತ್ತೇನೆ. ಹಾಗೆಂದರೆ ಕೆಂಪು ಗಡ್ಡ. 1965ರ ಕಪ್ಪು-ಬಿಳುಪು ಚಿತ್ರವಾದ್ದರಿಂದ ಗಡ್ಡ ಕೆಂಪೆಂದು ನಾವೇ ನಂಬಿಕೊಳ್ಳಬೇಕು.

ಕಥೆ ನಡೆಯುವುದು ಎದೊ ನಗರದಲ್ಲಿ, ಅಂದರೆ ಹತ್ತೊಂಬತ್ತನೆಯ ಶತಮಾನದ ಟೋಕಿಯೊದಲ್ಲಿ. ನಾಗಸಾಕಿಯಲ್ಲಿ ಡಚ್ಚರ ವೈದ್ಯಪದ್ಧತಿ ಕಲಿತು ಬಂದ ಯಾಸುಮೊಟೊಗೆ ಜಪಾನನ್ನು ಆಳುತ್ತಿದ್ದ ಸೇನಾಧಿಪತಿ ಶೋಗುನ್‌ನ ಆಸ್ಥಾನದಲ್ಲಿ ವೈದ್ಯನಾಗುವ ಆಸೆ. ಬಂದು ಬಿದ್ದದ್ದು ಕೊಯಿಶಿಕಾವಾದ ಬಡವರ ಆಸ್ಪತ್ರೆಗೆ. ಸಿಟ್ಟಿನಿಂದ ಅಲ್ಲಿನ ಸಮವಸ್ತ್ರವನ್ನೂ ತೊಡುವುದಿಲ್ಲ. ಆಸ್ಪತ್ರೆ ಮಾತ್ರ ಕಟ್ಟುಕಥೆಯಲ್ಲ. ಅಹವಾಲು ಪೆಟ್ಟಿಗೆಗೆ ವೈದ್ಯನೊಬ್ಬ ಹಾಕಿದ ಮನವಿ ಓದಿ ಶೋಗುನ್ ಯೋಶಿಮುನೆ 1722ರಲ್ಲಿ ಅದನ್ನು ತೆರೆಸಿದ. ಈಗ ಅಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ಸಸ್ಯೋದ್ಯಾನವಿದೆ. ಆಸ್ಪತ್ರೆಯ ಬಾವಿ ಇನ್ನೂ ಉಳಿದಿದೆ.

“ಕರುಣೆಯ ಸಿನಿಮಾ ಎಂದರೆ ಬರೀ ಅಳುವೇ?” ಇದು ಎರಡನೆಯ ಪ್ರಶ್ನೆ. ತೊಶಿರೊ ಮಿಫುನೆ ನಟಿಸಿರುವ ಆಸ್ಪತ್ರೆಯ ಹಿರಿಯ ವೈದ್ಯ, ಅಂದರೆ ಕೆಂಪುಗಡ್ಡ, ಗುರುಗುಟ್ಟುವ ಆಸಾಮಿ. ತಿಂದು ತಿಂದು ಊದಿಕೊಂಡ ಪ್ರಭುವಿಗೆ ಪಥ್ಯ ಹೇಳಿ, ಕೈತುಂಬ ಶುಲ್ಕ ಕಿತ್ತು, ಆ ದುಡ್ಡನ್ನು ಬಡರೋಗಿಗಳಿಗೆ ಸುರಿಯುತ್ತಾನೆ. ವೇಶ್ಯಾಗೃಹದಿಂದ 12 ವರ್ಷದ ಒತೊಯೊಳನ್ನು ಬಿಡಿಸುವಾಗ ಅಡ್ಡಬಂದ ರೌಡಿಗಳ ಕೈಕಾಲು ಮುರಿದು, ಆಮೇಲೆ ತಾನೇ ಮೂಳೆ ಕೂರಿಸಿ ಕಟ್ಟು ಹಾಕುತ್ತಾನೆ!

ನನಗೆ ಮುಖ್ಯವಾದದ್ದು ಆನಂತರದ ದೃಶ್ಯ. ಹುಡುಗಿಗೆ ಸುಡುವ ಜ್ವರ, ಯಾರನ್ನೂ ನಂಬದ ಕಣ್ಣು. ಯಾಸುಮೊಟೊ ಔಷಧಿಯ ಚಮಚ ಚಾಚಿದರೆ ತಳ್ಳಿಬಿಡುತ್ತಾಳೆ. ಕೆಂಪುಗಡ್ಡ ಬಂದು ಕೂರುತ್ತಾನೆ. ಚಮಚ ತುಟಿಯ ಹತ್ತಿರ ಹೋಗುತ್ತದೆ. ಅವಳು ಹೊಡೆದು ಚೆಲ್ಲುತ್ತಾಳೆ. ಬೈಯುವುದಿಲ್ಲ, ಬುದ್ಧಿ ಹೇಳುವುದಿಲ್ಲ, ಮತ್ತೆ ತುಂಬುತ್ತಾನೆ. ಮತ್ತೆ ಚೆಲ್ಲುತ್ತಾಳೆ. ಜಗತ್ತಿನ ಕೆಲಸವೆಲ್ಲ ಮುಗಿದು ಇದೊಂದೇ ಉಳಿದಿದೆಯೇನೋ ಎಂಬಂತೆ ಮತ್ತೆ ತುಂಬುತ್ತಾನೆ. ಕೊನೆಗೊಮ್ಮೆ ಅವಳು ನುಂಗುತ್ತಾಳೆ. ಕಿರಿಯ ವೈದ್ಯ ಬೆರಗಾಗಿ ನೋಡುತ್ತಾನೆ. ನಾಗಸಾಕಿಯಲ್ಲಿ ಇದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಮುಂದೆ ಅವನೇ ಹಾಸಿಗೆ ಹಿಡಿದಾಗ ಹಣೆಗೆ ಒದ್ದೆ ಬಟ್ಟೆ ಹಾಕುವವಳು ಅದೇ ಹುಡುಗಿ.

“ಮೂರು ಗಂಟೆಯೇ?” ಎಂದು ಕೊನೆಗೆ ರಾಗ ಎಳೆಯುತ್ತಾರೆ. ಮೂರು ಗಂಟೆ ಐದು ನಿಮಿಷ. ನಡುವೆ ಕುರೊಸಾವಾ ಅವರೇ ಇಟ್ಟ ಇಂಟರ್‌ವಲ್ ಇದೆ; ಕಾಫಿ ಮಾಡಿಕೊಂಡು ಬನ್ನಿ.