ಹೊರದೇಶದ ಕೆಲಸ ಅಂತಾರೆ, ಮುಕ್ಕಾಲು ಪಾಲು ಇಲಾಖೆ ಒಳಗೇ ಇರತ್ತೆ

ಕಾಡು, ನೀರು, ಖನಿಜ, ಮೀನು, ವನ್ಯಜೀವಿ ಇದನ್ನೆಲ್ಲ ನೋಡ್ಕೊಳ್ಳೋ ಸರ್ಕಾರಿ ಇಲಾಖೇಲಿ ಅಂತಾರಾಷ್ಟ್ರೀಯ ವಿಭಾಗದ ಜವಾಬ್ದಾರಿ ನಂದು ಅಂದ ತಕ್ಷಣ ಜನ ಮೊದಲು ಕೇಳೋದು ಯಾವ ಯಾವ ದೇಶಕ್ಕೆ ಹೋಗಿ ಬಂದ್ರಿ ಅಂತ. ಪ್ರಶ್ನೆ ಸಹಜವಾದ್ದೇ, ಹೊರಗಿನವರ ಕಣ್ಣಿಗೆ ಬೀಳೋದು ಸಹಿ ಹಾಕೋ ಫೋಟೋ, ಹಿಂದೆ ಸಾಲಾಗಿ ನಿಲ್ಲಿಸಿದ ಬಾವುಟ ಅಷ್ಟೇ. ಆದ್ರೆ ಈ ಕೆಲಸ ನೆಟ್ಟಗೆ ಆಗ್ತಿದ್ಯಾ ಇಲ್ವಾ ಅಂತ ತಿಳ್ಕೋಬೇಕಾದ್ರೆ ನಾನು ಆ ಫೋಟೋ ನೋಡಲ್ಲ. ಪರ್ಮಿಟ್ ಕೌಂಟರಲ್ಲಿ ಕೂತಿರೋ ಗುಮಾಸ್ತರಿಗೆ, ಕಾಡೊಳಗೆ ಮರದ ಸುತ್ತಳತೆ ತಗೊಳ್ಳೋ ಸಿಬ್ಬಂದಿಗೆ, ಡ್ಯಾಂ ಹತ್ರ ನೀರಿನ ಮಟ್ಟ ಬರೆದಿಡೋರಿಗೆ ನಾವು ಹೊರಗಡೆ ಹೋಗಿ ಏನು ಒಪ್ಕೊಂಡು ಬಂದಿದೀವಿ ಅನ್ನೋದು ಗೊತ್ತಿದ್ಯಾ ಅಂತ ನೋಡ್ತೀನಿ. ಅವರಿಗೆ ಗೊತ್ತಿಲ್ಲ ಅಂದ್ರೆ ಆ ಒಪ್ಪಂದ ಇನ್ನೂ ಫೈಲಲ್ಲೇ ಮಲಗಿದೆ ಅಂತ ಲೆಕ್ಕ.

ವಿದೇಶಾಂಗ ಸಚಿವಾಲಯ ಅಂತ ಒಂದಿರುವಾಗ ನಿಮಗ್ಯಾಕೆ ಈ ಉಸಾಬರಿ ಅಂತಾನೂ ಕೇಳ್ತಾರೆ. ನಾವು ನೋಡ್ಕೊಳ್ಳೋ ಪದಾರ್ಥಗಳಲ್ಲಿ ಅರ್ಧಕ್ಕರ್ಧ ಗಡಿ ದಾಟುವಂಥವು, ಅದಕ್ಕೇ. ಹಕ್ಕಿ ವಲಸೆ ಹೋಗತ್ತೆ, ಮೀನು ಸಮುದ್ರದಲ್ಲಿ ಯಾರ ಪಾಲು ಅಂತ ನೋಡ್ದೆ ಈಜತ್ತೆ, ನದಿ ಮೇಲಿನವರ ಕೈಯಿಂದ ಕೆಳಗಿನವರ ಕೈಗೆ ಬರತ್ತೆ. ಇದು ಹೊಸ ವಿಷಯಾನೂ ಅಲ್ಲ. ಕೆನಡಾ ದೇಶ ಬ್ರಿಟನ್ನಿನ ಸಹಿ ಇಲ್ದೆ ತಾನೇ ಸ್ವತಂತ್ರವಾಗಿ ಸಹಿ ಹಾಕಿದ ಮೊಟ್ಟಮೊದಲ ಒಪ್ಪಂದ 1923ರದ್ದು, ಅದು ಇದ್ದಿದ್ದು ಹ್ಯಾಲಿಬಟ್ ಅನ್ನೋ ಮೀನಿನ ಬಗ್ಗೆ, ಅಮೆರಿಕ ಜೊತೆ ಕೂತು ಸಹಿ ಹಾಕಿದವರು ಅವರ ಮೀನುಗಾರಿಕೆ ಸಚಿವ ಅರ್ನೆಸ್ಟ್ ಲಪೋಯಿಂಟ್. ಒಂದು ದೇಶದ ರಾಜತಾಂತ್ರಿಕ ಚರಿತ್ರೆ ಸಂಪನ್ಮೂಲ ಇಲಾಖೆ ಮೇಜಿಂದ ಶುರುವಾಯ್ತು ಅನ್ನೋದನ್ನ ನಮ್ಮ ವಿಭಾಗಕ್ಕೆ ಹೊಸದಾಗಿ ಸೇರೋ ಹುಡುಗರಿಗೆ ನಾನು ತಪ್ಪದೇ ಹೇಳ್ತೀನಿ.

ಹಾಗಂತ ನಾವೇ ಹೋಗಿ ಸಹಿ ಹಾಕಿ ಬರೋಕಾಗಲ್ಲ. ದೇಶದೇಶಗಳ ನಡುವಿನ ಒಪ್ಪಂದಕ್ಕೆ ನಿಯಮ ಹಾಕಿಕೊಟ್ಟ 1969ರ ವಿಯೆನ್ನಾ ಕರಾರು ಪ್ರಕಾರ ಅಧಿಕಾರ ಪತ್ರ ತೋರಿಸ್ದೇನೇ ದೇಶದ ಪರವಾಗಿ ಒಪ್ಪಂದ ಮಾಡ್ಕೊಳ್ಳೋ ಹಕ್ಕು ಇರೋದು ರಾಷ್ಟ್ರದ ಮುಖ್ಯಸ್ಥರು, ಸರ್ಕಾರದ ಮುಖ್ಯಸ್ಥರು, ವಿದೇಶಾಂಗ ಸಚಿವರಿಗೆ. ಸಾಮಾನ್ಯವಾಗಿ ಉಳಿದವರೆಲ್ಲ ಪತ್ರ ಹಿಡ್ಕೊಂಡೇ ಹೋಗ್ಬೇಕು. ಅದೇ ಕರಾರಿನ 27ನೇ ವಿಧಿ ಇನ್ನೂ ಮುಖ್ಯ, ನಮ್ಮ ದೇಶದೊಳಗಿನ ಕಾನೂನು ಅಡ್ಡ ಬಂತು ಅಂತ ನೆಪ ಹೇಳಿ ಒಪ್ಪಂದದಿಂದ ಜಾರ್ಕೊಳ್ಳೋ ಹಾಗಿಲ್ಲ ಅಂತ ಅದು ಕಡ್ಡಿ ಮುರಿದ ಹಾಗೆ ಹೇಳತ್ತೆ. ಹಾಗಾಗಿ ನಮ್ಮ ನಿಯಮ ಏನಿದೆ, ತಿದ್ದುಪಡಿಗೆ ಎಷ್ಟು ದಿನ ಹಿಡಿಯತ್ತೆ, ದುಡ್ಡು ಎಲ್ಲಿಂದ, ಇದೆಲ್ಲ ಹೋಗೋಕೆ ಮುಂಚೆನೇ ಕೇಳ್ಕೋಬೇಕು, ಬಂದ್ಮೇಲೆ ಕೇಳಿದ್ರೆ ಉಪಯೋಗ ಇಲ್ಲ.

ಒಂದು ಉದಾಹರಣೆ ಸ್ವಲ್ಪ ವಿವರವಾಗೇ ಹೇಳ್ತೀನಿ, ಯಾಕಂದ್ರೆ ಈ ಕೆಲಸದ ಪೂರ್ತಿ ಸ್ವರೂಪ ಇದರಲ್ಲಿದೆ. ಸೈಟಿಸ್ ಗೊತ್ತಿರತ್ತೆ, ಅಳಿವಿನಂಚಿನ ಪ್ರಾಣಿ ಸಸ್ಯಗಳ ವ್ಯಾಪಾರದ ಮೇಲೆ ಹಿಡಿತ ಇಡೋ 1973ರ ಒಪ್ಪಂದ. 2016ರಲ್ಲಿ ಜೋಹಾನ್ಸ್‌ಬರ್ಗಲ್ಲಿ ನಡೆದ ಅದರ 17ನೇ ಸಮಾವೇಶದಲ್ಲಿ ಬೀಟೆ ಮರದ ಕುಲ, ಅಂದ್ರೆ ಡಾಲ್ಬರ್ಜಿಯಾ ಕುಲಾನ ಇಡಿಯಾಗಿ ಎರಡನೇ ಅನುಬಂಧಕ್ಕೆ, ಅಂದ್ರೆ ಪರ್ಮಿಟ್ ಇದ್ರೆ ಮಾತ್ರ ಗಡಿ ದಾಟಿಸಿ ಮಾರಬಹುದಾದ ಪಟ್ಟಿಗೆ ಸೇರಿಸಿದ್ರು, ಮೊದಲೇ ಇನ್ನೂ ಬಿಗಿಯಾದ ಒಂದನೇ ಅನುಬಂಧದಲ್ಲಿದ್ದ ಬ್ರೆಜಿಲ್ಲಿನ ಬೀಟೆ ಮಾತ್ರ ಅಲ್ಲೇ ಉಳೀತು. ಕುಲಾನೇ ಯಾಕೆ ಅಂದ್ರೆ ಕೊಯ್ದು ಹಲಗೆ ಆದ್ಮೇಲೆ ಒಂದು ಜಾತಿ ಬೀಟೆಗೂ ಇನ್ನೊಂದಕ್ಕೂ ವ್ಯತ್ಯಾಸ ಕಂಡುಹಿಡಿಯೋದು ಕಸ್ಟಮ್ಸ್‌ನವರ ಕೈಲಿ ಆಗಲ್ಲ, ಕೆಲವೇ ಜಾತಿ ಸೇರಿಸಿದ್ರೆ ಕಳ್ಳಸಾಗಣೆಯವರು ಇದು ಆ ಜಾತಿ ಅಲ್ಲ ಸಾರ್ ಅಂತ ಕಾಗದ ತೋರಿಸಿ ದಾಟ್ಬಿಡ್ತಾರೆ. ತೀರ್ಮಾನದ ಉದ್ದೇಶ ನೂರಕ್ಕೆ ನೂರು ಸರಿ, ನಾನು ಇವತ್ತಿಗೂ ಅದನ್ನ ಸಮರ್ಥಿಸ್ತೀನಿ. ಆದ್ರೆ ಅದು ಜಾರಿಗೆ ಬಂದಿದ್ದು 2017ರ ಜನವರಿ 2ಕ್ಕೆ, ಸಮಾವೇಶ ಮುಗಿದು 90 ದಿನಕ್ಕೆ. ಆ 90 ದಿನದಲ್ಲಿ ಪ್ರತಿ ದೇಶದ ಪರ್ಮಿಟ್ ಕೊಡೋ ಆಫೀಸು ಏನೇನು ಮಾಡ್ಬೇಕಿತ್ತು ಯೋಚ್ನೆ ಮಾಡಿ, ಅರ್ಜಿ ನಮೂನೆ ಬದಲಾಗ್ಬೇಕು, ಗೋದಾಮಲ್ಲಿರೋ ಹಳೇ ದಾಸ್ತಾನು ಪಟ್ಟಿಗೆ ಬರೋಕೆ ಮುಂಚಿನದ್ದು ಅಂತ ಸರ್ಟಿಫಿಕೇಟ್ ಕೊಡ್ಬೇಕು, ಕಸ್ಟಮ್ಸ್‌ಗೆ ಸುತ್ತೋಲೆ ಹೋಗ್ಬೇಕು, ವ್ಯಾಪಾರಿಗಳಿಗೆ ತಿಳಿಸ್ಬೇಕು. ಇಷ್ಟರ ಮೇಲೆ ಗಿಟಾರ್‌ನ ಬೆರಳು ಪಟ್ಟಿ ಬೀಟೆದು, ಕ್ಲಾರಿನೆಟ್ ಮಾಡೋ ಆಫ್ರಿಕಾದ ಕಪ್ಪು ಮರಾನೂ ಡಾಲ್ಬರ್ಜಿಯಾ ಕುಲದ್ದೇ, ಹಾಗಾಗಿ ವಾದ್ಯ ತಯಾರಕರು, ಗಡಿ ದಾಟಿಸಿ ವಾದ್ಯ ಮಾರೋರು ಎಲ್ಲ ಕ್ಯೂ ನಿಂತ್ರು. ಕಾಡಲ್ಲಿ ಮರ ಉಳಿಸೋಕೆ ಮಾಡಿದ ನಿಯಮದ ಭಾರ ಹೋಗಿ ಬಿದ್ದಿದ್ದು ವಾದ್ಯ ಅಂಗಡಿ ಮೇಲೆ, ಪರ್ಮಿಟ್ ಗುಮಾಸ್ತರ ಮೇಲೆ. ಕೊನೆಗೆ 2019ರಲ್ಲಿ ಜಿನೀವಾ ಸಮಾವೇಶದಲ್ಲಿ ಸಿದ್ಧ ಸಂಗೀತ ವಾದ್ಯಗಳಿಗೆ ವಿನಾಯಿತಿ ಕೊಟ್ರು.

ಇದರಿಂದ ನಾನು ನಮ್ಮ ವಿಭಾಗಕ್ಕೆ ಅಂತ ಒಂದು ಪದ್ಧತಿ ಮಾಡ್ಕೊಂಡೆ. ಸೈಟಿಸ್‌ನಲ್ಲಿ ಪಟ್ಟಿ ಬದಲಾವಣೆ ಪ್ರಸ್ತಾವ ಸಮಾವೇಶಕ್ಕೆ ಕನಿಷ್ಠ 150 ದಿನ ಮುಂಚೆ ಸೆಕ್ರೆಟೇರಿಯಟ್‌ಗೆ ತಲುಪಿರ್ಬೇಕು, ಅಂದ್ರೆ ನಮಗೆ ಕೈತುಂಬ ಸಮಯ ಇದೆ. ಪ್ರಸ್ತಾವ ಕೈಗೆ ಬಂದ ವಾರಾನೇ ಅದನ್ನ ಪರ್ಮಿಟ್ ಕೌಂಟರ್‌ಗೂ ಫೀಲ್ಡ್‌ಗೂ ಕಳಿಸ್ತೀವಿ, ಬರೀ ಕಳಿಸೋದಲ್ಲ, ಕೂತು ಕೇಳ್ತೀವಿ: ಇದು ಪಾಸಾದ್ರೆ ನಾಳೆ ಬೆಳಿಗ್ಗೆ ನಿಮ್ಮ ಮೇಜಿನ ಮೇಲೆ ಏನು ಬದಲಾಗತ್ತೆ? ಹಾಗೆ ಕೇಳಿದಾಗ ಬರೋ ಉತ್ತರ ಯಾವ ಸಲಹೆಗಾರರ ರಿಪೋರ್ಟಲ್ಲೂ ಸಿಗಲ್ಲ. ಒಬ್ಬ ಹಿರಿಯ ಗುಮಾಸ್ತರು ಅರ್ಜಿ ನಮೂನೆ ಕೈಗೆತ್ಕೊಂಡು ಇದರಲ್ಲಿ ಮರದ ಜಾತಿ ಬರೆಯೋ ಕಾಲಂ ಒಂದೇ ಸಾಲಿದೆ, ಒಂದು ಪೆಟ್ಟಿಗೇಲಿ ಮೂರು ಜಾತಿ ಬಂದ್ರೆ ನಾನು ಎಲ್ಲಿ ಬರೀಲಿ ಮೇಡಂ ಅಂದ್ರು. ಅಂಥ ಒಂದು ಮಾತು ಡೆಲಿಗೇಷನ್ ಬ್ರೀಫಲ್ಲಿ, ಅಂದ್ರೆ ಸಭೆಗೆ ಹೋಗೋ ನಮ್ಮ ನಿಯೋಗದ ಕೈಗೆ ಕೊಡೋ ಟಿಪ್ಪಣಿಯಲ್ಲಿ ಇದ್ರೆ ನಮ್ಮವರು ಸಭೆಯಲ್ಲಿ ಎದ್ದು ನಿಂತಾಗ ಮಾತಿಗೆ ತೂಕ ಬರತ್ತೆ. ಪಟ್ಟಿಗೆ ಸೇರಿಸಿದ್ದನ್ನ ನಮ್ಮ ದೇಶ ಪಾಲಿಸೋಕಾಗಲ್ಲ ಅನ್ನಿಸಿದ್ರೆ ಆಕ್ಷೇಪ ದಾಖಲಿಸೋಕೂ ಅದೇ 90 ದಿನಾನೇ ಗಡುವು, ಆಮೇಲೆ ಇಲಾಖೆಯೊಳಗೆ ಎಷ್ಟು ಚರ್ಚೆ ಮಾಡಿದ್ರೂ ನೀರಲ್ಲಿ ಹೋಮ.

ಇನ್ನೊಂದು ತಲೆನೋವು ಅಂಕಿಅಂಶದ್ದು. ಎಫ್‌ಎಓ ಅನ್ನೋ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಜಾಗತಿಕ ಅರಣ್ಯ ಸಮೀಕ್ಷೆಗೆ ಕಾಡು ಅಂದ್ರೆ ಅರ್ಧ ಹೆಕ್ಟೇರಿಗಿಂತ ದೊಡ್ಡ ಜಾಗ, 5 ಮೀಟರ್‌ಗಿಂತ ಎತ್ತರದ ಮರ, ನೆತ್ತಿ ನೆರಳು, ಅಂದ್ರೆ ಮರದ ಕೊಂಬೆ ಎಲೆ ಮೇಲಿಂದ ಮುಚ್ಚಿರೋ ನೆಲ, ಶೇಕಡಾ 10ಕ್ಕಿಂತ ಹೆಚ್ಚು. ಅದರಲ್ಲಿ ರಬ್ಬರ್ ತೋಟ ಕಾಡಿನ ಲೆಕ್ಕಕ್ಕೆ ಬರತ್ತೆ, ತಾಳೆ ಎಣ್ಣೆ ತೋಟ ಬರಲ್ಲ. ಹವಾಮಾನ ಒಪ್ಪಂದದ ಲೆಕ್ಕದಲ್ಲಿ, ಇಂಗಾಲದ ಹೊಗೆ ಕಡಿಮೆ ಮಾಡೋಕೆ ಆದ ಕ್ಯೋಟೋ ಪ್ರೋಟೋಕಾಲ್ ಕಾಲದಿಂದ, ನೆರಳು ಶೇಕಡಾ 10ರಿಂದ 30ರೊಳಗೆ, ಎತ್ತರ 2ರಿಂದ 5 ಮೀಟರ್ ಒಳಗೆ ಯಾವುದು ಬೇಕೋ ಆ ದೇಶ ಆರಿಸ್ಕೋಬಹುದು. ಹಿಂಗಿರುವಾಗ ಒಂದೇ ಇಲಾಖೆ, ಒಂದೇ ವರ್ಷ, ಎರಡು ಕಡೆ ಎರಡು ಅಂಕಿ ಕೊಡೋದು ಮೋಸ ಅಲ್ಲ, ಎರಡೂ ಸರಿಯಾಗಿರಬಹುದು. ಆದ್ರೆ ಸಭೆಯಲ್ಲಿ ಆ ಕಡೆಯವರು ಎರಡೂ ಕಾಗದ ಪಕ್ಕಪಕ್ಕ ಇಟ್ಟು ಇದೇನು ಅಂತ ಕೇಳಿದಾಗ ನಮ್ಮ ಪ್ರತಿನಿಧಿ ತಡಬಡಾಯಿಸಿದ್ರೆ ಮುಗೀತು, ಆಮೇಲೆ ನಮ್ಮ ಯಾವ ಅಂಕಿಗೂ ಬೆಲೆ ಇರಲ್ಲ. ವಿಶ್ವಾಸ ಅನ್ನೋದು ಈ ಕ್ಷೇತ್ರದಲ್ಲಿ ಭಾಷಣದಿಂದ ಬರಲ್ಲ, ಕೊಟ್ಟ ಅಂಕಿ ಹೇಗೆ ಬಂತು ಅಂತ ಕೇಳಿದ ತಕ್ಷಣ ತೋರಿಸೋದ್ರಿಂದ ಬರತ್ತೆ. ಅದಕ್ಕೇ ನಮ್ಮಲ್ಲಿಂದ ಹೊರಗೆ ಹೋಗೋ ಪ್ರತಿ ಅಂಕಿ ಜೊತೆ ಯಾವ ವ್ಯಾಖ್ಯೆ, ಯಾವ ವರ್ಷದ ಉಪಗ್ರಹ ಚಿತ್ರ, ಯಾರು ತಾಳೆ ನೋಡಿದ್ದು ಅಂತ ಒಂದು ಪುಟ ಇರಲೇಬೇಕು ಅಂತ ನಾನು ಹಠ ಹಿಡೀತೀನಿ. ಸರ್ವೆ ವಿಭಾಗದವರಿಗೆ ಇದು ಕಿರಿಕಿರಿ ಅಂತ ಗೊತ್ತು, ಅವರ ಕೆಲಸದ ಗೌರವ ಉಳಿಯೋದೂ ಇದರಿಂದಾನೇ.

ಬ್ರೀಫ್ ಬಗ್ಗೆ ಹೇಳಿದೆನಲ್ಲ, ಅದು ಎರಡು ಪುಟ ದಾಟಬಾರದು. ರಾತ್ರಿ ಹನ್ನೊಂದಕ್ಕೆ ಕಾಂಟ್ಯಾಕ್ಟ್ ಗ್ರೂಪಲ್ಲಿ, ಅಂದ್ರೆ ಒಂದೇ ವಿಷಯ ಬಗೆಹರಿಸೋಕೆ ಸೇರೋ ಸಣ್ಣ ಗುಂಪಲ್ಲಿ ಕೂತಿರೋರಿಗೆ ನಲವತ್ತು ಪುಟದ ಹಿನ್ನೆಲೆ ಓದೋ ವ್ಯವಧಾನ ಇರಲ್ಲ. ಅವರಿಗೆ ಬೇಕಾಗಿರೋದು ನಮಗೆ ಏನು ಬೇಕು, ಎಲ್ಲಿವರೆಗೆ ಬಿಟ್ಕೊಡಬಹುದು, ಯಾವುದನ್ನ ಜಪ್ಪಯ್ಯ ಅಂದ್ರೂ ಬಿಡಬಾರದು, ನಡುರಾತ್ರಿ ಯಾರಿಗೆ ಫೋನ್ ಮಾಡಿ ಕೇಳಬಹುದು. ಇನ್ನೂ ಒಪ್ಪಿಗೆ ಆಗಿಲ್ಲ ಅಂತ ಬ್ರ್ಯಾಕೆಟಲ್ಲಿಟ್ಟಿರೋ ಪ್ಯಾರಾಗಳನ್ನ ಒಂದೊಂದಾಗಿ ತೆರೀತಾ ಹೋಗುವಾಗ ನಿರ್ಧಾರ ಆಗೋದು ನಿಮಿಷಗಳಲ್ಲಿ, ಆ ಫೋನ್ ಎತ್ತೋ ಮನುಷ್ಯ ಇಲ್ದೇ ಹೋದ್ರೆ ನಮ್ಮ ಪ್ರತಿನಿಧಿ ಸುಮ್ಮನಿರ್ಬೇಕಾಗತ್ತೆ, ಸುಮ್ಮನಿದ್ರೆ ಒಪ್ಪಿದ ಹಾಗೇ.

ಎಂಒಯು, ಅಂದ್ರೆ ತಿಳುವಳಿಕೆ ಪತ್ರಗಳ ವಿಚಾರದಲ್ಲಿ ನಂದು ಸ್ವಲ್ಪ ಗಟ್ಟಿ ನಿಲುವು. ಯಾವುದೋ ದೇಶದ ನಿಯೋಗ ಬರತ್ತೆ, ನೆನಪಿಗೆ ಏನಾದ್ರೂ ಸಹಿ ಆಗ್ಲಿ ಅಂತ ಮೇಲಿಂದ ಒತ್ತಡ, ಸಹಕಾರ ಅಂತ ಹತ್ತು ವಿಷಯ ಬರೆದ ಕಾಗದ ತಯಾರಾಗತ್ತೆ. ಸಾಮಾನ್ಯವಾಗಿ ಅದಕ್ಕೆ ಕಾನೂನಿನ ಬಂಧನ ಇರಲ್ಲ, ಹಾಗಾಗಿ ಯಾರೂ ತಲೆ ಕೆಡಿಸ್ಕೊಳ್ಳಲ್ಲ. ತಾಂತ್ರಿಕ ವಿಭಾಗದಿಂದ ಒಬ್ಬ ಅಧಿಕಾರಿ ಇದು ನನ್ನ ಕೆಲಸ, ನಾನು ನಡೆಸ್ತೀನಿ ಅಂತ ಹೆಸರು ಕೊಟ್ಟು ಮುಂದೆ ಬರದೇ ಇದ್ರೆ ಆ ಕರಡನ್ನ ನಾನು ಮೇಲಕ್ಕೆ ಕಳಿಸಲ್ಲ. ಕೆಲವರಿಗೆ ಬೇಜಾರಾಗಿದೆ. ಆದ್ರೂ ಕಾಡ್ಗಿಚ್ಚಿನ ತಂಡಗಳನ್ನ ಅದಲುಬದಲು ಕಳಿಸೋ ಒಂದೇ ಒಂದು ಒಪ್ಪಂದ, ಬೆಂಕಿ ಬಿದ್ದ ದಿನ ಯಾರ ವಿಮೆ, ಯಾರ ಆದೇಶ, ಯಾವ ರೇಡಿಯೋ ತರಂಗ ಅಂತ ಮೊದಲೇ ಬರೆದಿಟ್ಟಿರೋದು, ಅಂಥ ಹತ್ತು ಅಲಂಕಾರದ ಕಾಗದಕ್ಕಿಂತ ಮೇಲು.

ನದಿ ವಿಷಯಕ್ಕೆ ಬಂದ್ರೆ ಇದು ಪ್ರಾಣದ ಪ್ರಶ್ನೆ. 2000ನೇ ಇಸವಿ ಜನವರಿ 30ರ ರಾತ್ರಿ ರೊಮೇನಿಯಾದ ಬಾಯಾ ಮಾರೆ ಹತ್ರ ಚಿನ್ನದ ಅದಿರಿನ ತ್ಯಾಜ್ಯದ ಕಟ್ಟೆ ಒಡೆದು ಸುಮಾರು 1 ಲಕ್ಷ ಘನ ಮೀಟರ್ ಸಯನೈಡ್ ನೀರು ಹೊಳೆಗೆ ಸೇರ್ತು, ಅಲ್ಲಿಂದ ಹಂಗೇರಿಯ ಟಿಸ್ಸಾ ನದಿಗೆ, ಅಲ್ಲಿಂದ ಡ್ಯಾನ್ಯೂಬ್‌ಗೆ. ಮೀನು ಟನ್‌ಗಟ್ಟಲೆ ಸತ್ತವು, ಅದನ್ನ ತಡೆಯೋಕಾಗ್ಲಿಲ್ಲ. ಆದ್ರೆ ಡ್ಯಾನ್ಯೂಬ್ ದೇಶಗಳು 1997ರಲ್ಲೇ ಅಪಘಾತ ಎಚ್ಚರಿಕೆ ವ್ಯವಸ್ಥೆ ಒಂದನ್ನ ಶುರು ಮಾಡಿದ್ವು, ಸುದ್ದಿ ಕೆಳಗಿನ ದೇಶಗಳಿಗೆ ವಿಷಕ್ಕಿಂತ ಮುಂಚೆ ಹೋಯ್ತು, ಮುಂಜಾಗ್ರತೆ ತಗೊಳ್ಳೋಕೆ ಅವರಿಗೆ ಕಾಲಾವಕಾಶ ಸಿಕ್ತು. ಚೀನಾದಿಂದ ಕೆಳಗಿನ ದೇಶಗಳಿಗೆ ಹರಿಯೋ ಮೆಕಾಂಗ್ ನದಿಯಲ್ಲೂ ಹಾಗೇ, ಚೀನಾ 2002ರಿಂದ ಪ್ರವಾಹದ ತಿಂಗಳುಗಳ ನೀರಿನ ಮಾಹಿತಿ ಮಾತ್ರ ಕೊಡ್ತಿತ್ತು, ವರ್ಷಪೂರ್ತಿ ಕೊಡೋಕೆ ಒಪ್ಪಿದ್ದು 2020ರಲ್ಲಿ. ಅಷ್ಟು ವರ್ಷದ ಮಾತುಕತೆಯ ಫಲ ಕಾಗದದಲ್ಲಿ ನೋಡಿದ್ರೆ ಒಂದೆರಡು ಮಾಪನ ಕೇಂದ್ರದ ಅಂಕಿ, ಕೆಳಗಡೆ ದಡದಲ್ಲಿ ಬೇಸಾಯ ಮಾಡೋರಿಗೆ ಅದೇ ಜೀವ.

ಇಂಥ ವ್ಯವಸ್ಥೆ ಕೆಡೋದು ಎರಡು ದೇಶ ಜಗಳ ಆಡಿದಾಗ ಮಾತ್ರ ಅಲ್ಲ. ಆ ಕಡೆ ಅಧಿಕಾರಿ ವರ್ಗ ಆಗಿ ಹೋಗ್ತಾರೆ, ಈ ಕಡೆ ಆಫೀಸ್ ಬೇರೆ ಕಟ್ಟಡಕ್ಕೆ ಹೋಗತ್ತೆ, ಪಟ್ಟಿಯಲ್ಲಿರೋ ನಂಬರು ಯಾರೂ ಎತ್ತದ ಫೋನಿಗೆ ಹೋಗಿ ರಿಂಗಾಗ್ತಿರತ್ತೆ. ಅದಕ್ಕೆ ನಾವು ಪ್ರವಾಹ ಶುರುವಾಗೋ ಕಾಲಕ್ಕೆ ಮುಂಚೆ ಆ ಕಡೆಯವರಿಗೆ ಹೇಳ್ದೇ ಕೇಳ್ದೇ ಒಂದು ರಾತ್ರಿ ಪರೀಕ್ಷೆಯ ಕರೆ ಮಾಡ್ತೀವಿ, ಅವರೂ ನಮಗೆ ಮಾಡ್ತಾರೆ, ಇದನ್ನ ಎರಡೂ ಕಡೆ ಒಪ್ಪಿನೇ ಇಟ್ಕೊಂಡಿರೋದು. ಕರೆ ಎತ್ತಿದವರು ಸಂದೇಶ ಬರ್ಕೊಂಡು ವಾಪಸ್ ಓದಿ ಹೇಳ್ಬೇಕು, ಟೈಮ್ ದಾಖಲಾಗ್ಬೇಕು, ಎತ್ತದೇ ಹೋದ್ರೆ ಮರುದಿನ ಬೆಳಿಗ್ಗೆ ಹೊಸ ನಂಬರ್ ತರಿಸ್ಕೊಂಡು ಮತ್ತೆ ಕರೆ ಮಾಡ್ಬೇಕು. ಆ ಪಟ್ಟಿಯ ಒಂದು ಪ್ರತಿ ನನ್ನ ಡ್ರಾಯರಲ್ಲಿದೆ, ಆದ್ರೆ ನಾನು ಚೆಕ್ ಮಾಡೋದು ರಾತ್ರಿ ಪಾಳಿಯವರ ಮೇಜಿನ ಮೇಲಿರೋ ಪ್ರತೀನ, ತಾರೀಖು ಈ ವರ್ಷದ್ದಾ ಅಂತ.