ಸ್ವಭಾವದಿಂದ ಗುರುತಾಗುವ ಹಕ್ಕಿಗಳು

ಹಕ್ಕಿಗಳ ವಿಷಯ ಬರೆದಿಡಲೆಂದೇ ನನ್ನ ಬಳಿ ಒಂದು ಟಿಪ್ಪಣಿ ಪುಸ್ತಕವಿದೆ. ಮೊದಮೊದಲು ಪ್ರತಿ ಪುಟದಲ್ಲಿಯೂ ಹಕ್ಕಿಯ ಉದ್ದ, ತೂಕ, ರೆಕ್ಕೆಯ ಅಗಲಗಳನ್ನೇ ಬರೆಯುತ್ತಿದ್ದೆ; ಕೆಲವು ತಿಂಗಳ ನಂತರ ಪುಟ ತಿರುವಿದರೆ ಒಂದು ಹಕ್ಕಿಯೂ ಕಣ್ಣ ಮುಂದೆ ಬಂದು ನಿಲ್ಲುತ್ತಿರಲಿಲ್ಲ. ಹೊಸಬರನ್ನು ಮನೆಯವರಿಗೆ ಪರಿಚಯಿಸುವಾಗ ನಾವು ಅವರ ಎತ್ತರ, ತೂಕಗಳನ್ನು ಹೇಳುವುದಿಲ್ಲ. ಅವರು ಏನು ಮಾಡಿಕೊಂಡಿದ್ದಾರೆ, ಎಂಥ ಸ್ವಭಾವದವರು ಎಂದು ಹೇಳುತ್ತೇವೆ. ಇದು ಹೊಳೆದ ಮೇಲೆ ಪ್ರತಿ ಪುಟದ ಮೊದಲ ಸಾಲನ್ನು ಹಕ್ಕಿಯ ಸ್ವಭಾವಕ್ಕೇ ಮೀಸಲಿಟ್ಟಿದ್ದೇನೆ. ಅಂಥ ಕೆಲವು ಪುಟಗಳನ್ನು ಇಲ್ಲಿ ತೆರೆಯುತ್ತೇನೆ.

“ಹಾರಲಾರದು, ಹಗಲಲ್ಲಿ ಕಾಣಿಸದು, ಹೆದರಿದರೆ ನಿಂತಲ್ಲೇ ಕಲ್ಲಾಗುತ್ತದೆ.” ಇದು ನ್ಯೂಜಿಲೆಂಡಿನ ಕಾಕಾಪೋ ಎಂಬ ಗಿಳಿಯ ಪುಟ. ಅಲ್ಲಿನ ಮೂಲನಿವಾಸಿಗಳ ಮಾವೊರಿ ಭಾಷೆಯಲ್ಲಿ ಈ ಹೆಸರಿಗೆ ‘ರಾತ್ರಿಯ ಗಿಳಿ’ ಎಂದೇ ಅರ್ಥ. ಪಾಚಿಯ ಹಸಿರು ಮೈಯ, ದುಂಡು ಮುಖದ ಈ ಹಕ್ಕಿ ಜಗತ್ತಿನ ಗಿಳಿಗಳಲ್ಲೆಲ್ಲ ಅತ್ಯಂತ ಭಾರವಾದದ್ದು. ಸಂಗಾತಿಯನ್ನು ಕರೆಯಬೇಕಾದಾಗ ಗಂಡು ಗುಡ್ಡವೇರಿ, ನೆಲವನ್ನು ಬಟ್ಟಲಿನಂತೆ ತೋಡಿ, ಬಿದ್ದ ಕಡ್ಡಿ ಎಲೆಗಳನ್ನು ತೆಗೆದು ಚೊಕ್ಕಟಗೊಳಿಸಿ, ಅದರೊಳಗೆ ಕುಳಿತು ಎದೆಯುಬ್ಬಿಸಿ ‘ಬೂಂ’ ಎಂದು ಗುಡುಗುತ್ತದೆ. ಈ ಕರೆ ಕಿಲೋಮೀಟರುಗಟ್ಟಲೆ ದೂರಕ್ಕೆ ಕೇಳಿಸುತ್ತದೆ ಮತ್ತು ರಾತ್ರಿಯಲ್ಲಿ ಗಂಟೆಗಟ್ಟಲೆ ನಡೆಯುತ್ತದೆ. ಆದರೆ ರಿಮು ಮರಗಳು ಹೇರಳವಾಗಿ ಕಾಯಿ ಬಿಡುವ ವರ್ಷದಲ್ಲಿ ಮಾತ್ರ, ಅಂದರೆ ಎರಡರಿಂದ ನಾಲ್ಕು ವರ್ಷಕ್ಕೊಮ್ಮೆ, ಇವು ಮರಿ ಮಾಡುತ್ತವೆ.

ಹೆದರಿದಾಗ ಕದಲದೆ ನಿಲ್ಲುವುದನ್ನು ಪೆದ್ದುತನವೆಂದು ಯಾರಾದರೂ ಹೇಳಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಕಣ್ಣಿನಿಂದ ಬೇಟೆ ಹುಡುಕುವ ಹದ್ದುಗಳಷ್ಟೇ ಶತ್ರುಗಳಾಗಿದ್ದ ನಾಡಿನಲ್ಲಿ ಅದು ಬಹಳ ಒಳ್ಳೆಯ ಉಪಾಯವಾಗಿತ್ತು. ಮನುಷ್ಯರ ಜೊತೆಯಲ್ಲಿ ಬಂದ ಬೆಕ್ಕು, ಇಲಿ ಮತ್ತು ಮುಂಗುಸಿಯಂತೆ ಕಾಣುವ ಸ್ಟೋಟ್‌ಗಳು ವಾಸನೆ ಹಿಡಿದು ಬರುವಂಥವು. ಅವುಗಳ ಮುಂದೆ ಆ ಉಪಾಯ ಕೆಲಸಕ್ಕೆ ಬರಲಿಲ್ಲ. 1995ರ ಹೊತ್ತಿಗೆ ಲೆಕ್ಕಕ್ಕೆ ಸಿಕ್ಕಿದ್ದು ಬರೀ 51 ಹಕ್ಕಿಗಳು. ಶತ್ರುಗಳಿಲ್ಲದ ದ್ವೀಪಗಳಲ್ಲಿ ಇಟ್ಟು, ಪ್ರತಿಯೊಂದಕ್ಕೂ ಹೆಸರಿಟ್ಟು ಸಾಕಿದ್ದರಿಂದ ಈಗ ಅವು ಇನ್ನೂರು ದಾಟಿವೆ. ಅವುಗಳಲ್ಲಿ ಮನುಷ್ಯರ ಕೈಯಲ್ಲೇ ಬೆಳೆದ ಸಿರೊಕೊ ಎಂಬ ಗಂಡು ಇತರ ಕಾಕಾಪೋಗಳಿಗಿಂತ ಮನುಷ್ಯರನ್ನೇ ಹೆಚ್ಚು ಇಷ್ಟಪಡುತ್ತದೆ. 2010ರಲ್ಲಿ ನ್ಯೂಜಿಲೆಂಡ್ ಸರ್ಕಾರ ಅದನ್ನು ಸಂರಕ್ಷಣೆಯ ಅಧಿಕೃತ ವಕ್ತಾರ ಹಕ್ಕಿಯೆಂದು ನೇಮಿಸಿತು.

ಆಫ್ರಿಕಾದ ಹನಿಗೈಡ್ ಹಕ್ಕಿಯದು ವ್ಯವಹಾರಸ್ಥ ಸ್ವಭಾವ. ಜೇನುಗೂಡು ಎಲ್ಲಿದೆಯೆಂದು ಅದಕ್ಕೆ ಗೊತ್ತು, ಆದರೆ ಮರದ ಪೊಟರೆಯನ್ನು ಸೀಳುವ ಶಕ್ತಿಯಿಲ್ಲ. ಮನುಷ್ಯರಿಗೆ ಹೊಗೆಯಿಕ್ಕುವುದು, ಕೊಡಲಿ ಬೀಸುವುದು ಗೊತ್ತು, ಆದರೆ ಗೂಡು ಎಲ್ಲಿದೆಯೆಂದು ತಿಳಿಯದು. ಹಾಗಾಗಿ ಹಕ್ಕಿ ಕಟಕಟ ಸದ್ದು ಮಾಡುತ್ತ, ಬಾಲದ ಬಿಳಿ ಗರಿ ತೋರಿಸುತ್ತ ಮರದಿಂದ ಮರಕ್ಕೆ ಹಾರಿ ಮುಂದೆ ಹೋಗುತ್ತದೆ, ಜನ ಹಿಂಬಾಲಿಸುತ್ತಾರೆ. ಜೇನು ಅವರಿಗೆ, ಮೇಣ ಮತ್ತು ಮರಿಹುಳುಗಳು ಹಕ್ಕಿಗೆ. ಮೊಜಾಂಬಿಕ್‌ನ ಯಾವೋ ಜನರು ಈ ಹಕ್ಕಿಯನ್ನು ‘ಬ್ರ್‌ರ್‌... ಹ್ಮ್’ ಎಂಬ ಕರೆಯಿಂದ ಕರೆಯುತ್ತಾರೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಬೇರೆ ಶಬ್ದ ಮಾಡುತ್ತ ನಡೆದಾಗ ಮೂರರಲ್ಲಿ ಒಂದು ಸಲ ಮಾತ್ರ ದಾರಿ ತೋರಿಸಲು ಬಂದ ಹಕ್ಕಿ, ಈ ಕರೆಗೆ ಮೂರರಲ್ಲಿ ಎರಡು ಸಲ ಬಂದಿತು. ತಾಂಜಾನಿಯಾದ ಹಡ್ಜಾ ಜನ ಇದೇ ಕೆಲಸಕ್ಕೆ ಸಿಳ್ಳೆ ಹಾಕುತ್ತಾರೆ. ಅಲ್ಲಿನ ಹಕ್ಕಿಗಳು ಆ ಸಿಳ್ಳೆಗೇ ಓಗೊಡುತ್ತವೆ. ಇದರ ಮರಿ ಬೆಳೆಯುವುದು ಬೇರೆ ಜಾತಿಯ ಹಕ್ಕಿಗಳ ಗೂಡಿನಲ್ಲಿ ಎಂಬುದನ್ನು ನೆನೆದರೆ, ದಾರಿ ತೋರುವ ಈ ವಿದ್ಯೆ ಹೆತ್ತವರಿಂದ ಬಂದ ಪಾಠವಲ್ಲ ಎಂಬುದು ನನ್ನನ್ನು ಇನ್ನಷ್ಟು ಬೆರಗುಗೊಳಿಸುತ್ತದೆ. ಮೊಟ್ಟೆಯೊಡೆದು ಬಂದ ಮರಿ ತನ್ನ ಕೊಕ್ಕಿನ ಕೊಂಡಿಯಿಂದ ಆ ಗೂಡಿನ ಮರಿಗಳನ್ನು ಕೊಲ್ಲುತ್ತದೆ ಎಂಬುದನ್ನೂ ಅದೇ ಪುಟದಲ್ಲಿ ಬರೆದಿದ್ದೇನೆ. ಪರಿಚಯದಲ್ಲಿ ಮುಚ್ಚುಮರೆ ಇರಬಾರದು.

ದಕ್ಷಿಣ ಅಮೆರಿಕದ ಹೋಟ್ಸಿನ್ ಎಲೆಯನ್ನೇ ತಿಂದು, ಹಸುವಿನ ಹೊಟ್ಟೆಯಲ್ಲಿ ಹುಲ್ಲು ಹುದುಗುವಂತೆ ಕೊರಳಿನ ಚೀಲದಲ್ಲಿ ಅದನ್ನು ಹುದುಗಿಸಿಕೊಳ್ಳುತ್ತದೆ. ಹತ್ತಿರ ಹೋದರೆ ಸಗಣಿಯ ವಾಸನೆ. ಅಪಾಯ ಬಂದಾಗ ಇದರ ಮರಿ ಗೂಡಿನಿಂದ ನೀರಿಗೆ ಧುಮುಕಿ ಈಜುತ್ತದೆ, ಆಮೇಲೆ ರೆಕ್ಕೆಗಳಲ್ಲಿರುವ ಪುಟ್ಟ ಉಗುರುಗಳಿಂದ ಕೊಂಬೆ ಹಿಡಿದು ಮೇಲೇರುತ್ತದೆ. ಆಫ್ರಿಕಾದ ಜವುಗಿನ ಶೂಬಿಲ್ ಇದಕ್ಕೆ ತದ್ವಿರುದ್ಧವಾಗಿ ಶಾಂತಮೂರ್ತಿ: ಬೂಟಿನಂಥ ಕೊಕ್ಕನ್ನು ಕೆಳಗಿಟ್ಟುಕೊಂಡು, ಮೀನು ಮೇಲೆ ಬರುವವರೆಗೆ ಅಲುಗಾಡದೆ ಕಾಯುತ್ತದೆ.

ಕೊನೆಯ ಪುಟ ದೂರ ವಲಸೆ ಹೋಗುವ ಪಟ್ಟೆಬಾಲದ ಗಾಡ್‌ವಿಟ್‌ನದು: “ಹೊರಟರೆ ನಡುವೆ ನಿಲ್ಲುವುದಿಲ್ಲ.” 2022ರ ಅಕ್ಟೋಬರಿನಲ್ಲಿ ಉಪಗ್ರಹ ಸಾಧನ ಹೊತ್ತ ಒಂದು ಗಾಡ್‌ವಿಟ್ ಅಲಾಸ್ಕಾದಿಂದ ಹೊರಟು 11 ದಿನಗಳಲ್ಲಿ 13,560 ಕಿಲೋಮೀಟರ್ ಹಾರಿ ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದಲ್ಲಿ ಇಳಿಯಿತು. ಸುಮಾರು ಐದು ತಿಂಗಳ ಆ ಹಕ್ಕಿ ಸಮುದ್ರದ ಮೇಲೆ ಎಲ್ಲಿಯೂ ಇಳಿದು ದಣಿವಾರಿಸಿಕೊಳ್ಳುವಂತಿರಲಿಲ್ಲ, ಏಕೆಂದರೆ ಗಾಡ್‌ವಿಟ್‌ಗೆ ನೀರಿನ ಮೇಲೆ ತಂಗುವುದು ಒಗ್ಗದು. ಹೊರಡುವ ಮುನ್ನ ಈ ಹಕ್ಕಿಗಳು ಕೊಬ್ಬು ತುಂಬಿಕೊಳ್ಳುತ್ತವೆ, ಜೊತೆಗೆ ಹಾರುವಾಗ ಬೇಡದ ಹೊಟ್ಟೆ, ಕರುಳುಗಳನ್ನು ಕುಗ್ಗಿಸಿ ಭಾರ ಇಳಿಸಿಕೊಳ್ಳುತ್ತವೆ. ದಡ ಸೇರಿದ ಮೇಲೆ ಉದ್ದನೆಯ ಕೊಕ್ಕನ್ನು ಕೆಸರಿನಲ್ಲಿ ಬುಡದವರೆಗೆ ಚುಚ್ಚಿ ಹುಳು ಹುಡುಕುತ್ತವೆ, ಕುಗ್ಗಿದ ಕರುಳು ಮತ್ತೆ ಮೊದಲಿನಂತೆ ಬೆಳೆಯುತ್ತದೆ.