ಬಾಯ್ಲರ್ ಒಳಗೆ ಡ್ರೋನ್ ತಪಾಸಣೆ: ಫೋಟೊಗೆ ವಿಳಾಸ ಇರಲಿ

ಕಲ್ಲಿದ್ದಲು ವಿದ್ಯುತ್ ಸ್ಥಾವರದ 210 ಮೆಗಾವ್ಯಾಟ್ ಘಟಕದಲ್ಲಿ ಬಾಯ್ಲರ್‌ನ ಫರ್ನೇಸ್ (ಕಲ್ಲಿದ್ದಲು ಉರಿಯುವ ಕೋಣೆ) ಒಳಗೆ ತಳದಿಂದ ತುದಿವರೆಗೆ ಸ್ಕ್ಯಾಫೋಲ್ಡಿಂಗ್ ಕಟ್ಟಲು ದಿನಗಟ್ಟಲೆ ಹಿಡಿಯುತ್ತದೆ. ಪಂಜರ ತೊಡಿಸಿದ ಡ್ರೋನ್ ಇದ್ದರೆ ಆ ಗೋಡೆಗಳನ್ನು ಬೇಗ ನೋಡಿ ಮುಗಿಸಬಹುದು. ಆದರೆ ವರದಿಯಲ್ಲಿ ‘ಎಡಗೋಡೆ, ಮೇಲ್ಭಾಗ’ ಎಂದಷ್ಟೇ ಬರೆದರೆ ವೆಲ್ಡರ್ ಎಲ್ಲಿ ಹುಡುಕಬೇಕು? ಈ ಗಾತ್ರದ ಬಾಯ್ಲರ್‌ಗಳಲ್ಲಿ 63.5 ಮಿ.ಮೀ. ವ್ಯಾಸದ ವಾಟರ್‌ವಾಲ್ ಟ್ಯೂಬ್‌ಗಳು, ಅಂದರೆ ಗೋಡೆಯಾಗಿ ನಿಂತ ನೀರಿನ ಕೊಳವೆಗಳು, 76 ಮಿ.ಮೀ.ಗೆ ಒಂದರಂತೆ ಸಾಲಾಗಿರುತ್ತವೆ. ನೋಡಲು ಎಲ್ಲವೂ ಒಂದೇ.

ಒಳಗೆ ಜಿಪಿಎಸ್ ಸಿಗುವುದಿಲ್ಲ, ಸುತ್ತಲಿನ ಉಕ್ಕಿನಿಂದ ದಿಕ್ಸೂಚಿ ತಪ್ಪುತ್ತದೆ. ಬ್ಯಾರೋಮೀಟರ್ ತೋರಿಸುವ ಎತ್ತರವನ್ನೂ ನಂಬಬೇಡಿ: ಡ್ರಾಫ್ಟ್ (ಫರ್ನೇಸ್ ಒಳಗಿನ ಗಾಳಿಯ ಒತ್ತಡ) 12 ಪಾಸ್ಕಲ್ ಬದಲಾದರೆ ಸಾಕು, ಎತ್ತರದಲ್ಲಿ ಸುಮಾರು 1 ಮೀಟರ್ ವ್ಯತ್ಯಾಸ ಬರುತ್ತದೆ. ಆದ್ದರಿಂದ ಡ್ರಾಯಿಂಗ್ ಕೈಯಲ್ಲಿಟ್ಟುಕೊಂಡು ಸೂಟ್ ಬ್ಲೋವರ್ (ಹಬೆ ಊದಿ ಬೂದಿ ಉದುರಿಸುವ ಸಾಧನ) ರಂಧ್ರಗಳನ್ನು ಗುರುತಾಗಿ ಹಿಡಿಯಿರಿ, ಮೂಲೆಯಿಂದ ಟ್ಯೂಬ್ ಎಣಿಸಿ. ಪ್ರತಿ ಹಾರಾಟದ ಮೊದಲ ಮತ್ತು ಕೊನೆಯ ಚಿತ್ರದಲ್ಲಿ ಗುರುತು ಸಿಗುವ ರಂಧ್ರವೋ ಮೂಲೆಯೋ ಇರಲೇಬೇಕು.

ಹೊಗೆ ಎಳೆಯುವ ಐಡಿ ಫ್ಯಾನ್, ಗಾಳಿ ತಳ್ಳುವ ಎಫ್‌ಡಿ ಫ್ಯಾನ್‌ಗಳನ್ನು ಐಸೊಲೇಟ್ ಮಾಡಿ (ಯಾರೂ ಚಾಲೂ ಮಾಡದಂತೆ ವಿದ್ಯುತ್ ಕಡಿದು), ಗಾಳಿದಾರಿಯ ಡ್ಯಾಂಪರ್ ಬಾಗಿಲು ಮುಚ್ಚಿ, ಪರ್ಮಿಟ್ ಪಡೆದ ಮೇಲಷ್ಟೇ ಹಾರಾಟ. ಕೆಳಗೆ ಯಾರೂ ನಿಲ್ಲಬಾರದು, ಗೋಡೆಗೆ ಅಂಟಿದ ಕಿಟ್ಟ ಯಾವಾಗ ಬೀಳುತ್ತದೋ ಹೇಳಲಾಗದು. ಹೊರಗೆ ಹಾರಿಸುವ ಡ್ರೋನ್‌ನ ‘ರಿಟರ್ನ್ ಟು ಹೋಮ್’ (ತಾನೇ ಹೊರಟ ಜಾಗಕ್ಕೆ ಮರಳುವ ಸೆಟ್ಟಿಂಗ್) ಇಲ್ಲಿ ಅಪಾಯಕಾರಿ. ಸಿಗ್ನಲ್ ಕಡಿದೊಡನೆ ಡ್ರೋನ್ ಮೇಲೇರಿ, ಅಲ್ಲಿರುವ ಸೂಪರ್‌ಹೀಟರ್ (ಹಬೆಯನ್ನು ಇನ್ನಷ್ಟು ಕಾಯಿಸುವ ಕೊಳವೆಗಳು) ಭಾಗಕ್ಕೆ ಬಡಿಯುತ್ತದೆ. ಆ ಸೆಟ್ಟಿಂಗನ್ನು ತೆಗೆದುಹಾಕಿ.

ಹೆಚ್ಚು ಕೈಕೊಡುವುದು ಬೂದಿ. ನಮ್ಮ ಕಲ್ಲಿದ್ದಲಿನಲ್ಲಿ ಬೂದಿಯ ಪಾಲು ಸಾಮಾನ್ಯವಾಗಿ ಶೇ. 30ಕ್ಕೂ ಮೇಲೆ. ತೊಳೆಯದ ಗೋಡೆಯ ಮುಂದೆ ರೆಕ್ಕೆ ತಿರುಗಿದರೆ ಬೂದಿ ಎದ್ದು ಪರದೆಯೇ ಬಿಳಿಯಾಗುತ್ತದೆ, ಲೆನ್ಸ್ ಪಕ್ಕದ ದೀಪ ಆ ಕಣಗಳನ್ನೇ ಬೆಳಗುತ್ತದೆ. ಮೊದಲು ನೀರಿನಿಂದ ತೊಳೆಸಿ ಒಣಗಲು ಬಿಡಿ. ಹಾರಾಟ ಕೆಳಗಿನಿಂದ ಮೇಲಕ್ಕೆ ಸಾಗಲಿ, ಆಗ ಎದ್ದ ಧೂಳು ನೋಡಿ ಮುಗಿಸಿದ ಜಾಗದಲ್ಲೇ ಉಳಿಯುತ್ತದೆ.

ಬೆಳಕಿನ ವಿಷಯದಲ್ಲಿ ಉದಾಸೀನ ಬೇಡ. ನೇರವಾಗಿ ಎದುರಿನಿಂದ ಬಿದ್ದ ಬೆಳಕಿನಲ್ಲಿ ಉಬ್ಬಿದ ಟ್ಯೂಬ್ ಕೂಡ ಸರಿಯಾಗಿರುವಂತೆಯೇ ಕಾಣುತ್ತದೆ. ಒಂದು ಬದಿಯ ದೀಪ ಮಾತ್ರ ಉರಿಸಿ ಓರೆಯಾಗಿ ಬೆಳಕು ಬಿಟ್ಟರೆ ಉಬ್ಬಿನ ನೆರಳು ಬೀಳುತ್ತದೆ. ವಾಲ್ ಬ್ಲೋವರ್ (ಗೋಡೆಯಲ್ಲಿರುವ ಸೂಟ್ ಬ್ಲೋವರ್) ಸುತ್ತಲಿನ ಟ್ಯೂಬ್‌ಗಳನ್ನು ನಿಧಾನವಾಗಿ ನೋಡಿ. ಹಬೆ ಉಜ್ಜಿ ಸವೆಸಿದ ಕಡೆ ಬೂದಿ ನಿಲ್ಲುವುದಿಲ್ಲ, ದುಂಡಗಿನ ಮೈಮೇಲೆ ಚಪ್ಪಟೆಯಾದ ಹೊಳೆಯುವ ಪಟ್ಟೆ ಮೂಡಿರುತ್ತದೆ. ಅದರ ಅಗಲ ಅಳೆಯಲು ಟ್ಯೂಬೇ ಅಳತೆಗೋಲು: ಚಿತ್ರದಲ್ಲಿ ಟ್ಯೂಬ್ 254 ಪಿಕ್ಸೆಲ್ ಅಗಲವಿದ್ದರೆ ಒಂದು ಪಿಕ್ಸೆಲ್ ಎಂದರೆ ಕಾಲು ಮಿ.ಮೀ. ಅದಕ್ಕಿಂತ ಸಣ್ಣ ಬಿರುಕು ಆ ಚಿತ್ರದಲ್ಲಿ ಸಿಕ್ಕೀತೆಂದು ಕಾಯಬೇಡಿ.

ಎಕನಮೈಸರ್ (ಬಾಯ್ಲರ್‌ಗೆ ಹೋಗುವ ನೀರನ್ನು ಮೊದಲೇ ಕಾಯಿಸುವ ಭಾಗ) ಸುರುಳಿಗಳ ಸಂದಿಗೆ ಡ್ರೋನ್ ನುಗ್ಗದು, ಅಲ್ಲಿಗೆ ಬೋರೋಸ್ಕೋಪ್ (ತೆಳು ನಳಿಕೆಯ ಕ್ಯಾಮೆರಾ) ಬೇಕು. ಟ್ಯೂಬಿನ ದಪ್ಪ ಎಷ್ಟು ಉಳಿದಿದೆ ಎಂಬುದೂ ಚಿತ್ರದಿಂದ ತಿಳಿಯದು. ಪಟ್ಟೆ ಕಂಡ ವಿಳಾಸಕ್ಕೆ ಮಾತ್ರ ಸ್ಕೈ ಕ್ಲೈಂಬರ್ (ಹಗ್ಗದಲ್ಲಿ ತೂಗುವ ಕೆಲಸದ ತೊಟ್ಟಿಲು) ಇಳಿಸಿ, ಮೈ ಉಜ್ಜಿ ಅಲ್ಟ್ರಾಸಾನಿಕ್ ಗೇಜ್‌ನಿಂದ ದಪ್ಪ ಅಳೆಯಿರಿ. ಅಕ್ಕಪಕ್ಕದ ಎರಡೆರಡು ಟ್ಯೂಬ್‌ಗಳನ್ನೂ ಬಿಡಬೇಡಿ.